ಒಂದೇ ಕಾಯಿಲ್, ಎರಡು ಕೆಲಸ

ಹೊಗೆಯಲ್ಲಿ ಮಾಂಸ ಬೇಯಿಸುವುದು ಅಮೆರಿಕದ ಟೆಕ್ಸಾಸಿನಲ್ಲಿ ಗೌರವದ ಕಸುಬು. ಅಲ್ಲಿನ ಲಾಕ್‌ಹಾರ್ಟ್ ಊರಿನಲ್ಲಿ 1900ರಲ್ಲಿ ಆರಂಭವಾದ ಕ್ರೈಟ್ಸ್ ಮಾರ್ಕೆಟ್ ಇಂದಿಗೂ ನಡೆಯುತ್ತಿದೆ. ಮಧ್ಯ ಟೆಕ್ಸಾಸಿಗೆ ವಲಸೆ ಬಂದ ಜರ್ಮನ್ನರು ಮತ್ತು ಚೆಕ್ಕರು ತೆರೆದ ಮಾಂಸದಂಗಡಿಗಳಿಂದ ಬೆಳೆದ ಪದ್ಧತಿ ಅದು. ಅದಕ್ಕೆ ಬೇಕಾದದ್ದು ಓಕ್ ಸೌದೆ, ಇಟ್ಟಿಗೆಯ ಗೂಡು, ಉಪ್ಪು, ಕಾಳುಮೆಣಸು ಮತ್ತು ಬೆಂಕಿಯನ್ನು ಗಂಟೆಗಟ್ಟಲೆ ಕಾಯುವ ಒಬ್ಬ ಮನುಷ್ಯ. ಇವುಗಳಲ್ಲಿ ಕೊನೆಯದೇ ಸುಲಭಕ್ಕೆ ಸಿಗದ್ದು. ಉರಿ ಹೆಚ್ಚಾದರೆ ಮಾಂಸದ ಹೊರಮೈ ಸೀದು ಒಳಗು ಗಟ್ಟಿಯಾಗಿಯೇ ಉಳಿಯುತ್ತದೆ. ಗಾಳಿ ಸಾಲದೆ ಉರಿ ಮಂಕಾದರೆ ಹೊಗೆ ಕಹಿಯಾಗುತ್ತದೆ.

ಈ ಕಾವಲಿನ ಕೆಲಸವನ್ನು ವಿದ್ಯುತ್ತಿಗೆ ವಹಿಸಿಕೊಟ್ಟ ಪೆಟ್ಟಿಗೆಯೇ ಎಲೆಕ್ಟ್ರಿಕ್ ಸ್ಮೋಕರ್. ಸೌದೆ ಒಟ್ಟಲು ಜಾಗವಿಲ್ಲದವರು, ಬೆಳಿಗ್ಗೆ ಮಾಂಸ ಇಟ್ಟು ಹಗಲೆಲ್ಲ ಮನೆಗೆಲಸ ನೋಡಿಕೊಳ್ಳಬೇಕಾದವರು ಇದನ್ನು ಹಿತ್ತಿಲಲ್ಲಿ ಇಟ್ಟುಕೊಳ್ಳುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಪೆಟ್ಟಿಗೆ ಸಿಕ್ಕುತ್ತದೆ. ಹೊಗೆಯ ರುಚಿ ನಮಗೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಬಿಸಿಲು ಮುಖ ತೋರದ ಕೊಡಗಿನಲ್ಲಿ ಹಂದಿಮಾಂಸಕ್ಕೆ ಉಪ್ಪು, ಅರಿಸಿನ ಸವರಿ ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಆದರೆ ಅಲ್ಲಿಯ ಗುರಿ ನೀರಿನಂಶ ತೆಗೆದು ಮಾಂಸವನ್ನು ಕಾಪಿಡುವುದು. ಅಮೆರಿಕದ ಸ್ಮೋಕರಿನ ಗುರಿ ರಸ ಉಳಿಸಿಕೊಂಡು ನಿಧಾನವಾಗಿ ಬೇಯಿಸುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಪೆಟ್ಟಿಗೆಯ ಒಂದೊಂದು ಭಾಗವೂ ಅರ್ಥವಾಗುತ್ತಾ ಹೋಗುತ್ತದೆ.

ಪೆಟ್ಟಿಗೆಯ ಒಳಗೆ

ಬಾಗಿಲು ತೆರೆದರೆ ಕಾಣುವುದು ಸಣ್ಣ ಬೀರುವಿನಷ್ಟು ಜಾಗ. ಗೋಡೆಗಳ ನಡುವೆ ಶಾಖ ತಡೆಯುವ ಪದರ ಇರುತ್ತದೆ. ತಳದಲ್ಲಿ ಬಾಗಿದ ಕಡ್ಡಿಯಂಥ ಹೀಟಿಂಗ್ ಕಾಯಿಲ್, ಅದರ ಮೇಲೆ ಅಥವಾ ಪಕ್ಕದಲ್ಲಿ ಮರದ ಚಕ್ಕೆ ಹಾಕುವ ಸಣ್ಣ ತಟ್ಟೆ, ಅದರ ಮೇಲೆ ನೀರಿನ ಪಾತ್ರೆ. ಮಧ್ಯದಲ್ಲಿ ಮೂರು ನಾಲ್ಕು ಕಂಬಿಯ ತಟ್ಟೆಗಳು, ಮೇಲುಗಡೆ ತೆರೆದು ಮುಚ್ಚಬಲ್ಲ ಗಾಳಿಕಿಂಡಿ, ಹಿಂಗೋಡೆಯಲ್ಲಿ ಶಾಖ ಅಳೆಯುವ ಸಣ್ಣ ಸಂವೇದಕ. ಕಂಟ್ರೋಲರಿನಲ್ಲಿ ಇಂತಿಷ್ಟು ಡಿಗ್ರಿ ಎಂದು ಗೊತ್ತುಮಾಡಿದರೆ, ಶಾಖ ಅಲ್ಲಿಗೆ ಮುಟ್ಟುವವರೆಗೆ ಕಾಯಿಲ್ ಉರಿಯುತ್ತದೆ. ಮುಟ್ಟಿದ ಮೇಲೆ ಆರುತ್ತದೆ, ತಣಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇಷ್ಟು ಸರಳವಾದ ರಚನೆಯೊಳಗೆ ಒಂದು ಇಕ್ಕಟ್ಟು ಅಡಗಿದೆ. ಮಾಂಸಕ್ಕೆ ಬೇಕಾದದ್ದು 225 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್ ಶಾಖ. ಮರಕ್ಕೆ ಅಷ್ಟು ಸಾಲದು. ಮರದೊಳಗಿನ ಹೆಮಿಸೆಲ್ಯುಲೋಸ್ ಒಡೆಯಲು ಶುರುವಾಗುವುದೇ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆಮೇಲೆ ಸೆಲ್ಯುಲೋಸಿನ ಸರದಿ. ಹೊಗೆಯ ನಿಜವಾದ ಪರಿಮಳ ಕೊಡುವ ಲಿಗ್ನಿನ್ ಚೆನ್ನಾಗಿ ಒಡೆಯಲು 300 ಡಿಗ್ರಿಗಿಂತ ಹೆಚ್ಚು ಬೇಕು. ಹೊಗೆಯಾಡಿಸಿದ ಮಾಂಸದ ರುಚಿಗೆ ಮುಖ್ಯ ಕಾರಣವಾದ ಗ್ವಾಯಕಾಲ್, ಪರಿಮಳಕ್ಕೆ ಕಾರಣವಾದ ಸಿರಿಂಗಾಲ್ ಎರಡೂ ಹುಟ್ಟುವುದು ಲಿಗ್ನಿನ್‌ನಿಂದಲೇ. ಹೀಗಾಗಿ ಒಂದೇ ಕಾಯಿಲ್ ಎರಡು ಕೆಲಸ ಮಾಡಬೇಕು. ಪೆಟ್ಟಿಗೆಯನ್ನು 107ರಲ್ಲಿ ಹಿಡಿದಿಡಬೇಕು, ಚಕ್ಕೆಯನ್ನು 300ರ ಮೇಲಕ್ಕೆ ಕೊಂಡೊಯ್ಯಬೇಕು. ಹೊಸದಾಗಿ ಸ್ಮೋಕರ್ ಕೊಂಡವರು ಪೆಟ್ಟಿಗೆಯೇ ಕೆಟ್ಟಿದೆ ಎಂದುಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಈ ಇಕ್ಕಟ್ಟಿನಿಂದ ಬಂದವೇ. ಅದನ್ನು ಅರಿತವರ ಕೈಯಲ್ಲಿ ಇದೇ ಪೆಟ್ಟಿಗೆ ಬಹಳ ವಿಧೇಯವಾಗಿ ನಡೆದುಕೊಳ್ಳುತ್ತದೆ.

ಇಡುವ ಜಾಗ, ಕೊಡುವ ಕರೆಂಟು

ಸ್ಮೋಕರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಎಂದೂ ಹಚ್ಚಬಾರದು. ಜ್ವಾಲೆ ಇಲ್ಲದಿದ್ದರೂ ಹೊಗೆಯಾಡುವ ಮರದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಆ ಅನಿಲ ಪ್ರಾಣ ತೆಗೆಯಬಲ್ಲದು. ಗೋಡೆ, ಬೇಲಿ, ಒಣ ಎಲೆಗಳಿಂದ ದೂರವಾಗಿ, ಮಟ್ಟಸವಾದ ಗಟ್ಟಿ ನೆಲದ ಮೇಲೆ ಇಡಬೇಕು. ಮಟ್ಟಸವಿಲ್ಲದಿದ್ದರೆ ಕರಗಿದ ಕೊಬ್ಬು ತಳದ ರಂಧ್ರದತ್ತ ಹರಿಯದೆ ಮೂಲೆಯಲ್ಲಿ ನಿಲ್ಲುತ್ತದೆ, ಕಾಯಿಲಿನ ಹತ್ತಿರ ನಿಂತರೆ ಹೊತ್ತಿಕೊಳ್ಳಲೂಬಹುದು. ಗಾಳಿಗೆ ಮರೆ ಇರಬೇಕು, ಮಳೆಗೆ ಮೈಯೊಡ್ಡಬಾರದು.

ಇನ್ನು ಕರೆಂಟು. ಮನೆಬಳಕೆಯ ಸ್ಮೋಕರುಗಳಲ್ಲಿ 800 ವ್ಯಾಟ್ ಕಾಯಿಲ್ ಸಾಮಾನ್ಯ. ಅಮೆರಿಕದ 120 ವೋಲ್ಟಿನಲ್ಲಿ ಅದು ಏಳು ಆಂಪಿಯರಿಗೆ ಸ್ವಲ್ಪ ಕಡಿಮೆ ಎಳೆಯುತ್ತದೆ. ಅದೇನೂ ದೊಡ್ಡ ಹೊರೆಯಲ್ಲ. ಆದರೆ ಹಿತ್ತಿಲಿನ ಮೂಲೆಗೆ ಮುಟ್ಟಿಸಲೆಂದು ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಹಾಕಿದರೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 120 ಇದ್ದದ್ದು 108 ಆದರೆ 800 ವ್ಯಾಟ್ ಕಾಯಿಲ್ ಸುಮಾರು 650 ವ್ಯಾಟಿಗೆ ಕುಸಿಯುತ್ತದೆ. ವೋಲ್ಟೇಜಿನಲ್ಲಿ ಹತ್ತನೇ ಒಂದು ಪಾಲು ಹೋದರೆ ಶಾಖದಲ್ಲಿ ಐದನೇ ಒಂದು ಪಾಲು ಹೋಯಿತು ಎಂದರ್ಥ. ಗಂಟೆ ಕಳೆದರೂ ಶಾಖ ಏರದಿದ್ದರೆ ಮೊದಲು ನೋಡಬೇಕಾದದ್ದು ಈ ವೈರನ್ನು. ಸಾಧ್ಯವಿದ್ದರೆ ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಬೇಕು, ಅನಿವಾರ್ಯವಾದರೆ ದಪ್ಪನೆಯ, ಗಿಡ್ಡನೆಯ, ಹೊರಾಂಗಣಕ್ಕೆಂದೇ ಮಾಡಿದ ವೈರ್ ಬಳಸಬೇಕು.

ಅಮೆರಿಕದಿಂದ ಊರಿಗೆ ಮರಳುವಾಗ ಸ್ಮೋಕರನ್ನೂ ತರುವ ಯೋಚನೆ ಇದ್ದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಆ 800 ವ್ಯಾಟ್ ಕಾಯಿಲ್ 2,900 ವ್ಯಾಟಿಗೂ ಹೆಚ್ಚು ಎಳೆಯಲು ಹೋಗಿ ಸುಟ್ಟುಹೋಗುತ್ತದೆ, ಕಂಟ್ರೋಲರ್ ಅದಕ್ಕೂ ಮೊದಲೇ ಹೋಗಬಹುದು. ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಸಾಹಸ ಬೇಡ.

ಹೊಸ ಪೆಟ್ಟಿಗೆಯನ್ನು ಹದಗೊಳಿಸುವುದು

ಹೊಸ ಸ್ಮೋಕರಿನಲ್ಲಿ ಮೊದಲ ದಿನ ಮಾಂಸ ಇಡಬಾರದು. ಕಾರ್ಖಾನೆಯ ಎಣ್ಣೆ, ಧೂಳು, ಅಂಟಿನ ವಾಸನೆ ಒಳಗೆ ಉಳಿದಿರುತ್ತದೆ. ಕಂಬಿಯ ತಟ್ಟೆಗಳನ್ನು ಸೋಪು ಹಾಕಿ ತೊಳೆದು ಒಣಗಿಸಿ, ಮೇಲೆ ತೆಳುವಾಗಿ ಅಡುಗೆ ಎಣ್ಣೆ ಸವರಿ, ನೀರಿನ ಪಾತ್ರೆಯನ್ನು ಖಾಲಿ ಇಟ್ಟು, ಶಾಖವನ್ನು ಗರಿಷ್ಠಕ್ಕೆ ತಿರುಗಿಸಬೇಕು. ಹಲವು ಮಾದರಿಗಳಲ್ಲಿ ಅದು 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 135 ಡಿಗ್ರಿ ಸೆಲ್ಸಿಯಸ್. ಮೂರು ಗಂಟೆ ಹಾಗೇ ಬಿಟ್ಟು, ಕೊನೆಯ ಮುಕ್ಕಾಲು ಗಂಟೆಯಲ್ಲಿ ಚಕ್ಕೆ ಹಾಕಿ ಹೊಗೆಯಾಡಿಸಬೇಕು. ಆಗ ಗೋಡೆಗಳ ಮೇಲೆ ಕಂದು ಬಣ್ಣದ ತೆಳು ಲೇಪ ಕೂರುತ್ತದೆ. ಆ ಲೇಪವನ್ನು ಮುಂದೆಯೂ ಉಜ್ಜಿ ತೆಗೆಯಬಾರದು. ಬಾಗಿಲಿನ ಗಾಜು, ಸುತ್ತಲಿನ ಗ್ಯಾಸ್ಕೆಟ್, ಕೊಬ್ಬು ಇಳಿಯುವ ತಟ್ಟೆ, ಶಾಖದ ಸಂವೇದಕ ಇವಿಷ್ಟನ್ನು ಪ್ರತಿ ಸಲವೂ ಒರೆಸಿದರೆ ಸಾಕು.

ಈ ಮೊದಲ ಓಟದಲ್ಲೇ ಕೆಲವರಿಗೆ ಎದುರಾಗುವ ಗಾಬರಿ ಒಂದಿದೆ. ಪೆಟ್ಟಿಗೆ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಪ್ಲಗ್ಗಿನ ಸುರಕ್ಷತಾ ಸ್ವಿಚ್ ಟಪ್ಪನೆ ಬೀಳುತ್ತದೆ. ಅಮೆರಿಕದಲ್ಲಿ ಮನೆಯ ಹೊರಗಿನ ಪ್ಲಗ್ಗುಗಳಿಗೆ ಇರುವ ಈ ಸ್ವಿಚ್, ಐದು ಮಿಲಿ ಆಂಪಿಯರಿನಷ್ಟು ಕರೆಂಟು ದಾರಿತಪ್ಪಿ ನೆಲಕ್ಕೆ ಸೋರಿದರೂ ಕಡಿತಗೊಳಿಸುವಷ್ಟು ಸೂಕ್ಷ್ಮ. ಕಾಯಿಲಿನ ಲೋಹದ ಕವಚಕ್ಕೂ ಒಳಗಿನ ತಂತಿಗೂ ನಡುವೆ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಅದು ಶಾಖವನ್ನು ಹಾಯಲು ಬಿಟ್ಟು ಕರೆಂಟನ್ನು ತಡೆಯುತ್ತದೆ, ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ದ ಪೆಟ್ಟಿಗೆಯಲ್ಲಿ, ಚಳಿಗಾಲವೆಲ್ಲ ಹೊರಗೆ ನಿಂತ ಪೆಟ್ಟಿಗೆಯಲ್ಲಿ ಆ ತೇವದ ಮೂಲಕ ಸ್ವಲ್ಪ ಕರೆಂಟು ಸೋರುತ್ತದೆ. ಪ್ಲಗ್ ಕಿತ್ತು, ಬಾಗಿಲು ತೆರೆದು, ಪೆಟ್ಟಿಗೆಯನ್ನು ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಬಹಳ ಸಲ ತಾನೇ ಸರಿಹೋಗುತ್ತದೆ. ಒಣಗಿದ ಮೇಲೂ ಸ್ವಿಚ್ ಬೀಳುತ್ತಿದ್ದರೆ ಕಾಯಿಲನ್ನೋ ವೈರಿನ ಜೋಡಣೆಯನ್ನೋ ಬದಲಿಸಬೇಕು. ಸ್ವಿಚ್ಚಿನ ಕಾಟ ತಪ್ಪಿಸಲು ಸುರಕ್ಷತೆ ಇಲ್ಲದ ಪ್ಲಗ್ಗಿಗೆ ಹಾಕುವುದು ಮಾತ್ರ ಜೀವಕ್ಕೇ ಎರವಾದೀತು.

ಅಳತೆಯ ಸತ್ಯ

ಕಂಟ್ರೋಲರಿನ ಪರದೆ ತೋರಿಸುವುದು ಹಿಂಗೋಡೆಯ ಸಂವೇದಕ ಇರುವ ಜಾಗದ ಶಾಖವನ್ನು. ಮಾಂಸ ಕೂತ ತಟ್ಟೆಯ ಬಳಿ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ. ಅದಕ್ಕೇ ಅನುಭವಿಗಳು ಎರಡು ಪ್ರೋಬ್ ಇರುವ ಬೇರೊಂದು ಥರ್ಮಾಮೀಟರನ್ನು ಇಟ್ಟುಕೊಳ್ಳುತ್ತಾರೆ. ಒಂದು ಮಾಂಸದ ನಡುವಿಗೆ, ಇನ್ನೊಂದು ಮಾಂಸಕ್ಕೆ ತಾಗದಂತೆ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಅದೇ ತಟ್ಟೆಯ ಮೇಲೆ. ಆ ಥರ್ಮಾಮೀಟರನ್ನೂ ಪರೀಕ್ಷಿಸಿಯೇ ನಂಬಬೇಕು. ಪುಡಿಮಾಡಿದ ಮಂಜುಗಡ್ಡೆಯ ನೀರಿನಲ್ಲಿ ಸೊನ್ನೆ ತೋರಬೇಕು. ಕುದಿಯುವ ನೀರಿನಲ್ಲಿ 100 ತೋರಬೇಕಾದದ್ದು ಸಮುದ್ರಮಟ್ಟದಲ್ಲಿ ಮಾತ್ರ. ಒಂದು ಮೈಲಿ ಎತ್ತರದ ಡೆನ್ವರಿನಲ್ಲಿ ನೀರು 95ರ ಆಸುಪಾಸಿನಲ್ಲೇ ಕುದಿಯುತ್ತದೆ, ಬೆಂಗಳೂರಿನಲ್ಲಿ 97ರ ಹತ್ತಿರ.

ಶಾಖ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕಾಯಿಲ್ ಆರಿದ ಮೇಲೂ ಅದರ ಮೈಯಲ್ಲಿ ಉಳಿದ ಬಿಸಿ ಪೆಟ್ಟಿಗೆಯನ್ನು ಇನ್ನಷ್ಟು ಏರಿಸುತ್ತದೆ, ಮತ್ತೆ ಹೊತ್ತಿಕೊಳ್ಳುವ ಮೊದಲು ಇನ್ನಷ್ಟು ಇಳಿಯುತ್ತದೆ. ಏರಿಳಿತದ ಸರಾಸರಿ 107ರ ಸುತ್ತ ಇದ್ದರೆ ಮಾಂಸಕ್ಕೆ ಅಷ್ಟೇ ಸಾಕು. ಏರಿದಾಗ ಇಳಿಸಿ, ಇಳಿದಾಗ ಏರಿಸುತ್ತಾ ಕೂತರೆ ಕಂಟ್ರೋಲರಿನ ಲಯ ತಪ್ಪುತ್ತದೆ.

ಹೊಗೆಯ ಹದ

ಹೊಸಬರ ದೂರುಗಳಲ್ಲಿ ಮೊದಲನೆಯದು, ಶಾಖ ಬಂತು, ಹೊಗೆ ಬರಲಿಲ್ಲ ಎಂಬುದು. ಕಾರಣ ಆ ಇಕ್ಕಟ್ಟೇ. ಪೆಟ್ಟಿಗೆ ಚೆನ್ನಾಗಿ ಕಾದು ನಿಂತ ಮೇಲೆ ಕಾಯಿಲಿಗೆ ಕೆಲಸ ಕಡಿಮೆ. ಹೆಚ್ಚು ಹೊತ್ತು ಅದು ಆರಿಯೇ ಇರುತ್ತದೆ, ಚಕ್ಕೆಯ ತಟ್ಟೆ 300 ಡಿಗ್ರಿಗೆ ಮುಟ್ಟುವುದೇ ಇಲ್ಲ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿಟ್ಟ ಸ್ಮೋಕರಿನಲ್ಲಿ ಈ ತೊಂದರೆ ಹೆಚ್ಚು. ಶಾಖ ತಡೆಯುವ ಪದರ ಎಷ್ಟು ಒಳ್ಳೆಯದೋ ಹೊಗೆ ಅಷ್ಟು ಕಡಿಮೆ. ಉಪಾಯ ಸುಲಭ. ಕಾಯಿಲ್ ಒಂದೇ ಸಮನೆ ಉರಿಯುತ್ತಿರುವ ಆರಂಭದ ಏರುಹೊತ್ತಿನಲ್ಲೇ ಚಕ್ಕೆ ಹಾಕಬೇಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮಾಂಸವನ್ನು ಒಳಗಿಟ್ಟಾಗ ಶಾಖ ಕುಸಿದು ಕಾಯಿಲ್ ಮತ್ತೆ ಹೊತ್ತಿಕೊಳ್ಳುತ್ತದೆ, ಅದೂ ಹೊಗೆಗೆ ಒಳ್ಳೆಯ ಹೊತ್ತು. ತಣ್ಣಗಿನ, ತೇವದ ಮೈಗೆ ಹೊಗೆ ಚೆನ್ನಾಗಿ ಹಿಡಿಯುವುದರಿಂದ ಮೊದಲ ಮೂರು ನಾಲ್ಕು ಗಂಟೆಯ ಹೊಗೆಗೇ ಹೆಚ್ಚು ಬೆಲೆ.

ಚಕ್ಕೆಯನ್ನು ನೀರಿನಲ್ಲಿ ನೆನೆಸುವ ವಾಡಿಕೆಯನ್ನು ಬಿಡಬಹುದು. ಗಟ್ಟಿ ಮರ ಒಂದು ಗಂಟೆಯಲ್ಲಿ ಹೀರುವ ನೀರು ಅತ್ಯಲ್ಪ. ಹೀರಿದ್ದಷ್ಟೂ ಆವಿಯಾಗಿ ಹೋಗುವವರೆಗೆ ಮರದ ಶಾಖ 100 ಡಿಗ್ರಿಯ ಹತ್ತಿರವೇ ನಿಂತಿರುತ್ತದೆ. ಮೊದಲು ಕಾಣುವ ಬಿಳಿ ಮೋಡ ಬರೀ ಆವಿ. ಒಣ ಚಕ್ಕೆಯನ್ನೇ ಅರ್ಧ ಬಟ್ಟಲಿನಷ್ಟು ಹಾಕಿ, ಅದು ಕರಿದಾದ ಮೇಲೆ ಇನ್ನರ್ಧ ಹಾಕುತ್ತಾ ಹೋದರೆ ಹದವಾಗಿರುತ್ತದೆ. ಹಂದಿಮಾಂಸಕ್ಕೆ ಹಿಕರಿ, ಸೇಬು, ಚೆರಿ ಮರಗಳು ಒಗ್ಗುತ್ತವೆ. ಸಾಲ್ಮನ್ ಮೀನಿಗೆ ಅಮೆರಿಕದ ವಾಯವ್ಯ ಕರಾವಳಿಯವರು ಆಲ್ಡರ್ ಬಳಸುತ್ತಾರೆ. ಮೆಸ್ಕೀಟ್ ಖಡಕ್ಕು, ಸ್ವಲ್ಪವೇ ಸಾಕು. ಪೈನಿನಂಥ ರಾಳ ಸೋರುವ ಮರವನ್ನೂ, ಬಣ್ಣ ಬಳಿದ ಹಲಗೆಯ ಚೂರನ್ನೂ ಹತ್ತಿರಕ್ಕೆ ತರಬಾರದು.

ಎರಡನೇ ದೂರು ಕಹಿ. ಮಾಂಸದ ಮೇಲೆ ಟಾರು ಬಳಿದಂಥ ಕಪ್ಪು, ನಾಲಿಗೆ ಮರಗಟ್ಟಿಸುವ ರುಚಿ. ಹೊಗೆಯನ್ನು ಒಳಗೇ ಕೂಡಿಡುವ ಆಸೆಯಿಂದ ಮೇಲಿನ ಕಿಂಡಿಯನ್ನು ಮುಚ್ಚಿದಾಗ ಹೀಗಾಗುತ್ತದೆ. ಹೊಗೆ ಹರಿಯದೆ ನಿಂತರೆ ಅದರಲ್ಲಿನ ಭಾರವಾದ ಅಂಶಗಳು ತಣಿದು ಕ್ರಿಯೋಸೋಟಾಗಿ ಗೋಡೆಗೂ ಮಾಂಸಕ್ಕೂ ಮೆತ್ತಿಕೊಳ್ಳುತ್ತವೆ. ಕಿಂಡಿ ಪೂರ್ತಿ ತೆರೆದಿರಲಿ. ಅಲ್ಲಿಂದ ಹೊರಬರುವ ಹೊಗೆಯನ್ನು ಆಕಾಶಕ್ಕೆ ಎದುರಾಗಿ ನೋಡಿದರೆ ತೆಳುವಾಗಿ, ನಸುನೀಲಿಯಾಗಿ, ಇದೆಯೋ ಇಲ್ಲವೋ ಎಂಬಷ್ಟು ಕಾಣಬೇಕು. ಬಿಳಿಯಾಗಿ ದಟ್ಟವಾಗಿ ಉಕ್ಕುತ್ತಿದ್ದರೆ ಚಕ್ಕೆ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಿಮೆಯಾಗಿದೆ.

ಇಕ್ಕಟ್ಟನ್ನು ಬುಡದಲ್ಲೇ ಬಿಡಿಸಿದ ಜಾಣರೂ ಇದ್ದಾರೆ. ಕೆನಡಾದ ಬ್ರ್ಯಾಡ್ಲಿ ಕಂಪನಿಯ ಸ್ಮೋಕರಿನಲ್ಲಿ ಹೊಗೆಗೆಂದೇ ಬೇರೊಂದು ಸಣ್ಣ ಕಾಯಿಲ್ ಇದೆ. ಮರದ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಗಳನ್ನು ಯಂತ್ರವೇ ಒಂದೊಂದಾಗಿ ಅದರ ಮೇಲೆ ತಳ್ಳುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ, ಬಿಲ್ಲೆ ಬೂದಿಯಾಗಿ ಕಹಿ ಹೊಗೆ ಬಿಡುವ ಮೊದಲೇ, ಅದನ್ನು ನೀರಿನ ಬಟ್ಟಲಿಗೆ ಉರುಳಿಸಿ ಮುಂದಿನದನ್ನು ತರುತ್ತದೆ. ಅಮೆರಿಕದ ಹಿತ್ತಿಲುಗಳಲ್ಲಿ ಇನ್ನೊಂದು ಉಪಾಯ ಹುಟ್ಟಿಕೊಂಡಿದೆ. ಮನೆಯ ಮುಂದೆ ಕಾಗದ ಹಾಕುವ ತಗಡಿನ ಅಂಚೆಪೆಟ್ಟಿಗೆಯನ್ನು ತಂದು, ಅದರೊಳಗೆ ಮರದ ಪೆಲೆಟ್ ತುಂಬಿದ ಜಾಲರಿ ಹೊತ್ತಿಸಿಟ್ಟು, ಅಲ್ಲಿಂದ ತಗಡಿನ ಕೊಳವೆಯ ಮೂಲಕ ಹೊಗೆಯನ್ನು ಸ್ಮೋಕರಿಗೆ ಹಾಯಿಸುತ್ತಾರೆ. ಕೊಳವೆಯಲ್ಲಿ ಬರುವಾಗ ಹೊಗೆ ತಣಿದು ಭಾರವಾದ ಟಾರು ದಾರಿಯಲ್ಲೇ ಇಳಿದುಬಿಡುತ್ತದೆ. ಮಾಂಸಕ್ಕೆ ತಲುಪುವುದು ಹಗುರವಾದ, ಶುದ್ಧವಾದ ಹೊಗೆ. ಶಾಖದ ಕೆಲಸ ಒಂದೆಡೆ, ಹೊಗೆಯ ಕೆಲಸ ಇನ್ನೊಂದೆಡೆ. ಇದನ್ನು ಕಂಡುಕೊಂಡವರ ಬುದ್ಧಿಗೆ ತಲೆಬಾಗಬೇಕು.

ಏರದೆ ನಿಲ್ಲುವ ಅಂಕಿ

ಮೊದಲ ಅಡುಗೆಗೆ ಹಂದಿಯ ಭುಜದ ಭಾಗಕ್ಕಿಂತ ಒಳ್ಳೆಯದಿಲ್ಲ. ಕೊಬ್ಬು, ಕೊಲಾಜೆನ್ ಎರಡೂ ತುಂಬಿರುವುದರಿಂದ ಸಣ್ಣಪುಟ್ಟ ತಪ್ಪನ್ನು ಅದು ತಡೆದುಕೊಳ್ಳುತ್ತದೆ. ಮೂರೂವರೆ ಕಿಲೋ ತುಂಡು 107 ಡಿಗ್ರಿಯಲ್ಲಿ ಬೇಯಲು 12ರಿಂದ 15 ಗಂಟೆ ಹಿಡಿಯಬಹುದು. ಮೊದಮೊದಲು ಒಳಗಿನ ಶಾಖ ಚುರುಕಾಗಿ ಏರುತ್ತದೆ. 65 ದಾಟಿದ ಮೇಲೆ ಎಲ್ಲೋ ಒಂದೆಡೆ ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಕೆಲವೊಮ್ಮೆ ನಾಲ್ಕು ಗಂಟೆಯಾದರೂ ಅಂಕಿ ಕದಲುವುದಿಲ್ಲ. ಕಾಯಿಲ್ ಕೆಟ್ಟಿತೆಂದು ಕಂಪನಿಗೆ ಫೋನು ಹೋಗುವುದು ಸಾಮಾನ್ಯವಾಗಿ ಈ ಹೊತ್ತಿಗೇ.

ಕೆಟ್ಟಿರುವುದು ಏನೂ ಇಲ್ಲ. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಪ್ರಯೋಗ ಮಾಡಿ ಕಾರಣ ತೋರಿಸಿದರು. ಮಾಂಸದ ಮೈಯಿಂದ ತೇವ ಆವಿಯಾಗುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆ. ಕಾಯಿಲ್ ಕೊಡುವ ಶಾಖವೂ ಆವಿ ಒಯ್ಯುವ ಶಾಖವೂ ಸರಿಸಮವಾದಾಗ ಅಂಕಿ ನಿಲ್ಲುತ್ತದೆ. ಮೈ ಒಣಗುತ್ತಾ ಬಂದ ಮೇಲೆ ಮತ್ತೆ ಏರುತ್ತದೆ. ತಾಳ್ಮೆ ಇದ್ದವರು ಕಾಯುತ್ತಾರೆ, ಆಗ ಹೊರಮೈಯಲ್ಲಿ ಗಟ್ಟಿಯಾದ ಗಾಢಕಂದು ಪದರ ಕಟ್ಟುತ್ತದೆ. ಊಟದ ಹೊತ್ತು ಹತ್ತಿರವಾದವರು ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಆವಿ ಹೊರಹೋಗದೆ ಅಂಕಿ ಏರತೊಡಗುತ್ತದೆ, ಪದರ ಸ್ವಲ್ಪ ಮೆತ್ತಗಾಗುತ್ತದೆ. ಕೊಲಾಜೆನ್ ಕರಗಿ ಜೆಲಟಿನ್ ಆಗುವ ಕೆಲಸ 70 ಡಿಗ್ರಿಯ ಮೇಲೆ ನಿಧಾನವಾಗಿ ನಡೆದು, 93ರಿಂದ 95ರ ಹೊತ್ತಿಗೆ ಮಾಂಸ ಬೆರಳಿಗೇ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೂ ಸುತ್ತಿಟ್ಟು ಒಂದು ಗಂಟೆ ಬಿಡಬೇಕು.

ಈ ಗಂಟೆಗಳಲ್ಲಿ ಬಾಗಿಲು ತೆರೆಯುವ ಆಸೆಯನ್ನು ಹಿಡಿದಿಟ್ಟುಕೊಳ್ಳುವುದೇ ದೊಡ್ಡ ಶಿಸ್ತು. ಪ್ರತಿ ಸಲ ತೆರೆದಾಗಲೂ ಬಿಸಿಗಾಳಿಯೂ ತೇವವೂ ಹೊರಬೀಳುತ್ತವೆ, ಸಣ್ಣ ಕಾಯಿಲ್ ಅದನ್ನು ಮರಳಿ ಗಳಿಸಲು ಹೆಣಗಬೇಕು. ತೆರೆಯಲೇಬೇಕಾದರೆ ನಿಧಾನವಾಗಿ ತೆರೆಯಬೇಕು. ಗಾಳಿ ಸಾಲದೆ ಹೊಗೆಯಾಡುತ್ತಿದ್ದ ಚಕ್ಕೆಗೆ ಒಮ್ಮೆಗೇ ಆಮ್ಲಜನಕ ಸಿಕ್ಕರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ದೋಷ ಯಾವುದು, ಸ್ವಭಾವ ಯಾವುದು

ಬಾಗಿಲಿನ ಅಂಚಿನಿಂದ ಹೊಗೆ ಸೋರುತ್ತಿದ್ದರೆ ಅದು ದೋಷ. ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಬಹುದು. ಸಲೀಸಾಗಿ ಬಂದರೆ ಅಲ್ಲಿ ಗ್ಯಾಸ್ಕೆಟ್ ಕೂತಿಲ್ಲ, ಚಿಲಕ ಬಿಗಿಮಾಡಬೇಕು. ಪರದೆಯ ಅಂಕಿಗೂ ನಿಮ್ಮ ಥರ್ಮಾಮೀಟರಿಗೂ ದಿನೇ ದಿನೇ ಅಂತರ ಹೆಚ್ಚುತ್ತಿದ್ದರೆ ಸಂವೇದಕದ ಮೇಲೆ ಮಸಿ ಕಟ್ಟಿದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪರದೆ ಬೆಳಗುತ್ತಿದ್ದು ಶಾಖವೇ ಬರದಿದ್ದರೆ ಪ್ಲಗ್ ಕಿತ್ತು, ಕಾಯಿಲಿಗೆ ವೈರ್ ಸೇರುವ ಜಾಗ ಕರಕಲಾಗಿದೆಯೇ ಎಂದು ತಿಳಿದವರಿಂದ ನೋಡಿಸಬೇಕು.

ಇನ್ನು ಕೆಲವು ಇದರ ಸ್ವಭಾವ. ಟೆಕ್ಸಾಸಿನ ಗೂಡಿನಿಂದ ಬಂದ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಮಾಂಸ, ಕುಯ್ದರೆ ಅಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟಿ ಕಾಣುತ್ತದೆ. ಉರಿಯುವ ಸೌದೆಯಿಂದ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಮಾಂಸದ ಮಯೋಗ್ಲೋಬಿನ್ ಜೊತೆ ಕೂಡಿ ಆ ಬಣ್ಣವನ್ನು ಕಾಯುತ್ತವೆ. ಎಲೆಕ್ಟ್ರಿಕ್ ಸ್ಮೋಕರಿನಲ್ಲಿ ಜ್ವಾಲೆಯಿಲ್ಲದೆ ಆ ಅನಿಲ ಹೆಚ್ಚು ಹುಟ್ಟುವುದಿಲ್ಲ, ಪಟ್ಟಿಯೂ ಮೂಡುವುದಿಲ್ಲ. ಪಟ್ಟಿಗೆ ರುಚಿಯಿಲ್ಲವಾದ್ದರಿಂದ ನಷ್ಟ ಕಣ್ಣಿಗೆ ಮಾತ್ರ. ಕೋಳಿಯ ಚರ್ಮ ರಬ್ಬರಿನಂತಾಗುವುದೂ ಸ್ವಭಾವವೇ. ಗರಿಗರಿಯಾಗಲು ಬೇಕಾದಷ್ಟು ಶಾಖ ಈ ಪೆಟ್ಟಿಗೆಯಲ್ಲಿಲ್ಲ. ಕೊನೆಯ ಹತ್ತು ನಿಮಿಷ ಕಾದ ಅವನ್ನಿಗೆ ವರ್ಗಾಯಿಸಿದರೆ ಸರಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯ ಬೇಗ ಬೆಳೆಯುತ್ತವೆ. ನಿಧಾನದ ಅಡುಗೆಯಲ್ಲಿ ಮಾಂಸ ಆ ವಲಯವನ್ನು ನಿಧಾನವಾಗಿ ದಾಟುವುದರಿಂದ, ಫ್ರೀಜರಿನ ಗಡ್ಡೆಯನ್ನು ಪೂರ್ತಿ ಕರಗಿಸದೆ ಸ್ಮೋಕರಿಗೆ ಇಡಬಾರದು. ಅಮೆರಿಕದ ಕೃಷಿ ಇಲಾಖೆ ಕೋಳಿಗೆ ಒಳಶಾಖ 74 ಡಿಗ್ರಿ ಮುಟ್ಟಲೇಬೇಕೆಂದು ಹೇಳುತ್ತದೆ. ಗಡಿಯಾರ ಏನೇ ಹೇಳಲಿ, ಬೆಂದಿದೆ ಎಂದು ತೀರ್ಮಾನಿಸುವುದು ಪ್ರೋಬ್.

ಬೆಂಕಿ ಕಾಯುವ ಶ್ರಮವನ್ನಷ್ಟೇ ಈ ಪೆಟ್ಟಿಗೆ ಕಳೆಯುತ್ತದೆ. ಶಾಖ, ಹೊಗೆ, ತೇವ ಈ ಮೂರರ ಲೆಕ್ಕ ನಮ್ಮದೇ. ಬಿಸಿಲಿನ ದಿನ ಒಂದು ಹದ, ಗಾಳಿಯ ದಿನ ಇನ್ನೊಂದು, ಒಂದೇ ಮಾದರಿಯ ಎರಡು ಪೆಟ್ಟಿಗೆಗಳಿಗೂ ಬೇರೆ ಬೇರೆ. ಆದ್ದರಿಂದ ಮೊದಲ ಸಲದ ಹೊತ್ತು, ಶಾಖ, ಚಕ್ಕೆಯ ಅಳತೆ, ಹವಾಮಾನ ಇವನ್ನು ಬರೆದಿಟ್ಟುಕೊಳ್ಳಿ. ಎರಡನೇ ಸಲ ಅದೇ ಮಾಂಸ, ಅದೇ ತೂಕ ತನ್ನಿ, ಒಂದನ್ನು ಮಾತ್ರ ಬದಲಿಸಿ: ಚಕ್ಕೆಯನ್ನೋ, ಕಿಂಡಿಯನ್ನೋ, ನೀರನ್ನೋ. ಯಾವ ಬದಲಾವಣೆಯಿಂದ ಯಾವ ರುಚಿ ಬಂತೆಂದು ಗೊತ್ತಾಗುವುದು ಹಾಗೆ ಮಾಡಿದಾಗಲೇ.